ಒಣನೇಮ

ಮೂರು ಗಂಟೆ ಹೊತ್ತು ಹಗ್ಗ ಹಿಡಿದು ನಿಲ್ಲುವುದರಲ್ಲಿ ಕೈಗೆ ಅಂಥ ಕಷ್ಟವಿಲ್ಲ. ಮೊದಲ ವರ್ಷ ಬೊಬ್ಬೆ ಏಳುತ್ತದೆ, ಎರಡನೆಯ ವರ್ಷ ಚರ್ಮ ಗಟ್ಟಿಯಾಗುತ್ತದೆ, ಮೂರನೆಯ ವರ್ಷದಿಂದ ಅದು ಕೈಯೋ ಹಗ್ಗವೋ ನಮಗೇ ಮರೆತುಹೋಗುತ್ತದೆ. ಕಾಲೂ ಹಾಗೆಯೇ ಒಗ್ಗಿಕೊಳ್ಳುತ್ತದೆ. ಕಷ್ಟವೆಲ್ಲ ಇರುವುದು ಕಿಬ್ಬೊಟ್ಟೆಯಲ್ಲಿ. ನಮ್ಮೂರಿನಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾನು ಹೇಳುತ್ತೇನೆ, ಯಾಕೆಂದರೆ ಹೋಗಬೇಕಾದ ನನ್ನ ಮಾನ ಆಗಲೇ ಹೋಗಿದೆ, ಅದೂ ಹಾಡುಹಗಲಲ್ಲಿ, ಎಂಟು ಜನರ ಎದುರಿಗೆ.

ಊರಿನ ನಡುವೆ ಗಂಟೆಮನೆ ಇದೆ. ಅದರ ಅಂಗಳದಲ್ಲಿ ಒಂದು ಬಾವಿ. ಬಾವಿಯಲ್ಲಿ ನೀರಿಲ್ಲ, ನೀರಿದ್ದದ್ದನ್ನು ನೋಡಿದವರೂ ಇಲ್ಲ. ಅದರೊಳಗಿನಿಂದ ಮಣಿಕಟ್ಟಿನ ದಪ್ಪದ ಒಂದು ಹಗ್ಗ ಮೇಲಕ್ಕೆ ಬರುತ್ತದೆ. ಏಳು ಬೀದಿಗಳಿಂದ ಬಂದ ಏಳು ಜನ ಸಾಲಾಗಿ ನಿಂತು ಅದನ್ನು ಎರಡೂ ಕೈಯಲ್ಲಿ ಹಿಡಿದಿರುತ್ತಾರೆ. ಮೂರು ಗಂಟೆಗೊಮ್ಮೆ ಗಂಟೆ ಹೊಡೆದಾಗ ಬೇರೆ ಏಳು ಜನ ಬಂದು, ಹಳಬರ ಕೈಯ ಪಕ್ಕದಲ್ಲಿ ತಮ್ಮ ಕೈಯಿಟ್ಟು, ಹಗ್ಗ ತೆಗೆದುಕೊಳ್ಳುತ್ತಾರೆ. ಗಂಟೆಗೆ ಮೊದಲು ಬಿಡುವ ಹಾಗಿಲ್ಲ, ನಡುವೆ ಇನ್ನೊಬ್ಬರಿಗೆ ಕೊಡುವ ಹಾಗೂ ಇಲ್ಲ. ಕೆಳಗಿನ ತುದಿಯಲ್ಲಿ ಏನಿದೆ ಎಂದು ನನ್ನನ್ನು ಕೇಳಬೇಡಿ. ಒಮ್ಮೊಮ್ಮೆ ಮೆಲ್ಲಗೆ ಜಗ್ಗುತ್ತದೆ, ಗೂಟಕ್ಕೆ ಕಟ್ಟಿದ ಕರು ಜಗ್ಗಿದ ಹಾಗೆ. ಆಗ ಏಳೂ ಜನ ಹಿಮ್ಮಡಿ ಊರಿ ನಿಲ್ಲುತ್ತೇವೆ. ಜಗ್ಗುವುದು ನಿಂತ ಮೇಲೆ, ಯಾರ ಮನೆಯ ಸೊಸೆ ಯಾಕೆ ತವರಿಗೆ ಹೋದಳು ಎಂಬ ಮಾತನ್ನು ಬಿಟ್ಟಲ್ಲಿಂದ ಮುಂದುವರಿಸುತ್ತೇವೆ.

ನನ್ನ ಮದುವೆಯಾದ ವರ್ಷ ಊರಿನಲ್ಲಿ ಎಂಟು ಬೀದಿಗಳಿದ್ದವು. ಎಂಟನೆಯದು ದರ್ಜಿ ಬೀದಿ. ಆ ಬೀದಿಯ ಪರವಾಗಿ ಹಗ್ಗ ಹಿಡಿದಿದ್ದ ಕೆಂಚಪ್ಪ ಒಂದು ದಿನ ಪಾಳಿಯ ನಡುವೆ, ‘ತಡಕೊಳ್ಳಕ್ಕಾಗ್ತಿಲ್ಲ, ಒಂದೇ ನಿಮಿಷ, ಈಗ ಬಂದೆ’ ಎಂದು ಕೈಬಿಟ್ಟು ಗಂಟೆಮನೆಯ ಹಿಂದಿನ ಬೇಲಿಗೆ ಓಡಿದ. ಪಂಚೆ ಸರಿಮಾಡಿಕೊಂಡು ವಾಪಸು ಬರುವಷ್ಟರಲ್ಲಿ ದರ್ಜಿ ಬೀದಿ ಇರಲಿಲ್ಲ. ಸದ್ದಾಗಲಿಲ್ಲ, ಧೂಳೂ ಏಳಲಿಲ್ಲ. ಬಳೆ ಬೀದಿಯ ಕೊನೆಯ ಗೋಡೆಗೆ ಗಾಣದ ಬೀದಿಯ ಮೊದಲ ಗೋಡೆ ಅಂಟಿಕೊಂಡು ನಿಂತಿತ್ತು, ಮೊದಲಿನಿಂದಲೂ ಹಾಗೇ ಇತ್ತೇನೋ ಎಂಬಂತೆ. ಕೆಂಚಪ್ಪನ ಹೆಂಡತಿ, ಇಬ್ಬರು ಮಕ್ಕಳು, ಅಕ್ಕಪಕ್ಕದ ಮನೆಯವರು, ಊರವರು ಹೊಲಿಯಲು ಕೊಟ್ಟಿದ್ದ ಬಟ್ಟೆ, ಅದರೊಳಗೆ ನನ್ನ ಮದುವೆಯ ರವಿಕೆ, ಎಲ್ಲವೂ ಹೋಯಿತು. ನಾನು ಎರವಲು ರವಿಕೆ ತೊಟ್ಟು ಧಾರೆಗೆ ನಿಂತೆ.

ಊರು ಹೊಂದಿಕೊಂಡಿತು. ಹೆಂಗಸರು ಮನೆಯಲ್ಲೇ ಹೊಲಿಯುವುದನ್ನು ಕಲಿತರು. ನಮ್ಮೂರ ಗಂಡಸರ ಅಂಗಿಯ ಎರಡು ತೋಳು ಇವತ್ತಿಗೂ ಒಂದೇ ಉದ್ದ ಇರುವುದಿಲ್ಲ. ಆ ಬೀದಿಯ ವಿಳಾಸಕ್ಕೆ ಬರುವ ಕಾಗದಗಳನ್ನು ಅಂಚೆಯವನು ಆ ಗೋಡೆಯ ಬುಡದಲ್ಲಿಟ್ಟು ಮೇಲೊಂದು ಕಲ್ಲು ಹೇರಿ ಹೋಗುತ್ತಾನೆ. ಕೆಂಚಪ್ಪನನ್ನು ಯಾರೂ ಹೊಡೆಯಲಿಲ್ಲ, ಬೈಯಲೂ ಇಲ್ಲ. ಗಂಟೆಮನೆಯ ಜಗುಲಿಯ ಮೇಲೆ ಅವನಿಗೊಂದು ಚಾಪೆ ಹಾಸಿಕೊಟ್ಟರು. ಇಪ್ಪತ್ತೆರಡು ವರ್ಷದಿಂದ ಅಲ್ಲೇ ಕುಳಿತಿದ್ದಾನೆ. ಎದುರಿಗೆ ಬಂದವರನ್ನು ಮೇಲಿನಿಂದ ಕೆಳಗೆ ನೋಡಿ ‘ಎದೆ ಮೂವತ್ತಾರು, ತೋಳು ಹತ್ತು’ ಎಂದು ಗೊಣಗುತ್ತಾನೆ. ಅಳತೆ ಯಾವತ್ತೂ ತಪ್ಪಿದ್ದಿಲ್ಲ.

ಆ ವರ್ಷದಿಂದಲೇ ಒಣನೇಮ ಬಂತು. ಪಾಳಿಗೆ ಆರು ಗಂಟೆ ಮೊದಲಿನಿಂದ, ಪಾಳಿ ಮುಗಿಯುವವರೆಗೆ, ಹಗ್ಗ ಹಿಡಿಯುವವರು ಬಾಯಿಗೆ ಒಂದು ಹನಿ ನೀರು ಹಾಕಬಾರದು. ಹುರಿಗಡಲೆ, ಒಣ ಅವಲಕ್ಕಿ, ಬೇಕಿದ್ದರೆ ಒಣ ರೊಟ್ಟಿ. ಒಳಗೆ ಹೋಗದಿದ್ದರೆ ಹೊರಗೆ ಬರುವುದೂ ಇಲ್ಲ ಎಂಬ ಲೆಕ್ಕಾಚಾರ. ಯಾವ ಮನೆಯ ಪಾಳಿ ಯಾವುದು ಎಂಬುದು ಹಿರಿಯರ ಕಾಲದಿಂದ ಗೊತ್ತಾಗಿಬಿಟ್ಟಿದೆ. ಸಾಣೆ ಬೀದಿಯ ನಡುಹಗಲಿನ ಪಾಳಿ, ಹನ್ನೆರಡರಿಂದ ಮೂರರವರೆಗಿನದು, ನಮ್ಮ ಮನೆಯದು. ನನ್ನ ಗಂಡ ಹಿಡಿಯುತ್ತಿದ್ದರು. ಅವರು ತೀರಿಕೊಂಡ ಮೇಲೆ ನಾನು ಹಿಡಿದೆ. ಬೆಳಿಗ್ಗೆ ಊರವರ ಈಳಿಗೆ, ಕುಡುಗೋಲುಗಳಿಗೆ ಸಾಣೆ ಹಿಡಿಯುವುದು, ಮಧ್ಯಾಹ್ನ ಹಗ್ಗ ಹಿಡಿಯುವುದು, ಹೀಗೆ ಹಿಡಿಯುವುದರಲ್ಲೇ ನನ್ನ ಹಗಲು ಮುಗಿಯುತ್ತದೆ. ನನ್ನ ನಂತರ ಮನೆಯಲ್ಲಿರುವುದು ನನ್ನ ಮಗಳು ಪಾರಿಜಾತ ಒಬ್ಬಳೇ. ಪಾರಿಗೆ ಆಗ ಹದಿನೇಳು. ನಾನು ಕೈಲಾಗದವಳು ಎಂದು ಗಂಟೆಮನೆಯಲ್ಲಿ ತೀರ್ಮಾನವಾದರೆ ಮರುದಿನವೇ ಅವಳು ಹಗ್ಗಕ್ಕೆ ನಿಲ್ಲಬೇಕು.

ಅದೇ ನನ್ನ ಭಯವಾಗಿತ್ತು. ಪಾರಿ ಚಿಗರೆಯಂಥ ಹುಡುಗಿ, ಒಂದು ಕಡೆ ನಿಂತವಳಲ್ಲ. ಕೆಳಗಿನಿಂದ ಜಗ್ಗಿದಾಗ ಬೆಚ್ಚಿ ಕೈಬಿಟ್ಟರೆ ಸಾಣೆ ಬೀದಿಯ ಹತ್ತೊಂಬತ್ತು ಮನೆ ಹೋಗುತ್ತವೆ, ಅವಳು ಕೆಂಚಪ್ಪನ ಪಕ್ಕದಲ್ಲಿ ಇನ್ನೊಂದು ಚಾಪೆ ಹಾಸಿಕೊಳ್ಳುತ್ತಾಳೆ. ಆ ಇನ್ನೊಂದು ಚಾಪೆ ಕೆಲಸದ ನಡುವೆಯೂ ನನ್ನ ಕಣ್ಣಿಗೆ ಕಟ್ಟುತ್ತಿತ್ತು. ಇನ್ನೊಂದು ನಾಲ್ಕೈದು ವರ್ಷ ನಾನೇ ತಳ್ಳಿದರೆ ಅವಳು ಬಲಿಯುತ್ತಾಳೆ ಎಂದುಕೊಂಡಿದ್ದೆ.

ಆದರೆ ನನ್ನ ಕಿಬ್ಬೊಟ್ಟೆ ನನ್ನ ಮಾತು ಕೇಳುವುದನ್ನು ಬಿಟ್ಟಿತ್ತು. ಒಂದು ತಿಂಗಳಿಂದ ಅರ್ಧ ಗಂಟೆಗೊಮ್ಮೆ ಬಚ್ಚಲಿಗೆ ಓಡುತ್ತಿದ್ದೆ. ಹೋದರೆ ನಾಲ್ಕು ಹನಿ, ಜೊತೆಗೆ ಮೆಣಸಿನಕಾಯಿ ಉಜ್ಜಿದಂಥ ಉರಿ. ಬಂದು ಸಾಣೆಕಲ್ಲಿನ ಮುಂದೆ ಕುಳಿತರೆ ಮತ್ತೆ ಹೋಗಬೇಕು ಅನ್ನಿಸುತ್ತಿತ್ತು. ಹಗ್ಗದ ಮೂರು ಗಂಟೆಯನ್ನು ಹೇಗೆ ಕಳೆಯುತ್ತಿದ್ದೆನೋ ನನಗೇ ಗೊತ್ತು. ಹಲ್ಲು ಕಚ್ಚಿ, ತೊಡೆ ಒತ್ತಿ, ಮನಸ್ಸಿನಲ್ಲೇ ಮಗ್ಗಿ ಹೇಳಿಕೊಳ್ಳುತ್ತಿದ್ದೆ. ಹತ್ತೊಂಬತ್ತರ ಮಗ್ಗಿ ನನಗೆ ಬಾಯಿಪಾಠವಾದದ್ದು ಆ ತಿಂಗಳಲ್ಲೇ.

ಹಗ್ಗದಲ್ಲಿ ನನ್ನ ಬಲಕ್ಕೆ ನಿಲ್ಲುವವಳು ಬಳೆ ಬೀದಿಯ ಜೈತುನಬಿ. ನನಗಿಂತ ನಾಲ್ಕು ವರ್ಷ ಚಿಕ್ಕವಳು, ಬಾಯಿ ಮಾತ್ರ ಎರಡು ಪಾಲು ದೊಡ್ಡದು. ನನ್ನ ಹಣೆಯ ಬೆವರು ನೋಡಿ ಅವಳೇ ಮೊದಲು ಹಿಡಿದುಬಿಟ್ಟಳು.

“ಅಕ್ಕಾ, ನಿಂದು ಉಷ್ಣ. ಮೆಂತ್ಯ ನುಂಗು,” ಅಂದಳು.

“ನುಂಗಿದೆ ಕಣೆ. ಮೆಂತ್ಯ ಕಾಳೂ ಖರ್ಚು, ಉರಿಯೂ ಹಾಗೇ ಇದೆ.”

ಎಡಕ್ಕೆ ನಿಲ್ಲುವ ಗಾಣದ ಬೀದಿಯ ಬೋರಲಿಂಗಣ್ಣ ಮುಖ ಆಚೆ ತಿರುಗಿಸಿಕೊಂಡು, “ಹೆಂಗಸರ ವಿಷ್ಯ ನಂಗೊತ್ತಿಲ್ಲ. ನಂಗೂ ಅರವತ್ತು ದಾಟಿದ ಮೇಲೆ ಹಂಗೇ ಆಗ್ತೈತೆ, ಹೋದ್ರೆ ಪೂರ್ತಿ ಬರಲ್ಲ, ಬಂದ್ರೆ ನಿಲ್ಲಲ್ಲ. ಬೆಳಗ್ಗೆ ಬದಲು ಹಿಂದಿನ ದಿನ ಸಂಜೆಯಿಂದ್ಲೇ ನೀರು ಬಿಟ್ಟಿದೀನಿ. ನೀನೂ ಹಂಗೇ ಮಾಡು,” ಅಂದ.

ನಾನೂ ಹಾಗೇ ಮಾಡಿದೆ. ಉರಿ ಇನ್ನೂ ಹೆಚ್ಚಾಯಿತು.

ಕೊನೆಗೆ ಊರಿನ ಡಾಕ್ಟರಮ್ಮ ಪದ್ಮಾಕ್ಷಿಯವರ ಹತ್ತಿರ ಹೋದೆ. ಅವರು ಹೊರಗಿನಿಂದ ಬಂದವರು, ಬಂದು ಆರು ವರ್ಷವಾಯಿತು. ಒಣನೇಮದ ಮಾತೆತ್ತಿದರೆ ಈಗಲೂ ಹಣೆ ಗಂಟಿಕ್ಕುತ್ತಾರೆ. ಎಷ್ಟು ಸಲ, ಎಷ್ಟು ಬರುತ್ತದೆ, ಉರಿಯುತ್ತದೆಯೇ, ಬಾಯಾರಿಕೆ ಆಗುತ್ತದೆಯೇ ಎಂದೆಲ್ಲ ಕೇಳಿದರು.

“ಹಗ್ಗದವಳಿಗೆ ಬಾಯಾರಿಕೆ ಆಗದೆ ಇರತ್ತಾ ಡಾಕ್ಟ್ರಮ್ಮ? ಅದಿರ್ಲಿ, ಇದು ಯಾವುದ್ರಿಂದ ಅಂತ ಹೇಳಿ.”

“ಒಂದೇ ಕಾರಣ ಇರಲ್ಲ ಚನ್ನಾಜಮ್ಮ. ಮೂತ್ರದ ದಾರೀಲಿ ಸೋಂಕಾಗಿರಬಹುದು. ಕಲ್ಲಿರಬಹುದು. ಸಕ್ಕರೆ ಕಾಯಿಲೆ ಇರಬಹುದು. ಗರ್ಭಕೋಶ ಕೆಳಗಿಳಿದು ಮೂತ್ರದ ಚೀಲಾನ ಒತ್ತುತಿರಬಹುದು. ಕೆಲವರಿಗೆ ಚೀಲಾನೇ ಪುಕ್ಕಲು, ಅರ್ಧ ತುಂಬೋ ಮುಂಚೆ ಕೂಗ್ಕೊಳ್ಳತ್ತೆ. ಗಂಡಸರಿಗೆ ವಯಸ್ಸಾದ ಮೇಲೆ ಅಲ್ಲಿನ ಗ್ರಂಥಿ ಊದ್ಕೊಳ್ಳತ್ತೆ. ಬಿ.ಪಿ. ಮಾತ್ರೆಯಿಂದಲೂ ಆಗತ್ತೆ. ಬರೀ ಹೆದರಿಕೆಯಿಂದಲೂ ಆಗತ್ತೆ. ಪರೀಕ್ಷೆ ಮಾಡದೆ ಹೇಳಕ್ಕಾಗಲ್ಲ.”

“ಇಷ್ಟರಲ್ಲಿ ಯಾವುದು ಕೆಟ್ಟದ್ದು?”

“ಯಾವುದು ಅಂತ ಗೊತ್ತಿಲ್ಲದೆ ಇರೋದು,” ಎಂದು ಅವರು ಮುಚ್ಚಳವಿರುವ ಒಂದು ಸಣ್ಣ ಬಾಟಲಿಯನ್ನು ನನ್ನ ಕೈಗೆ ಕೊಟ್ಟರು. “ನಾಳೆ ಬೆಳಿಗ್ಗೆ ಎದ್ದ ತಕ್ಷಣದ್ದು ಇದರಲ್ಲಿ ತನ್ನಿ. ಹಗ್ಗದವರ ರಿಪೋರ್ಟನ್ನ ಗಂಟೆಮನೆಗೂ ತೋರಿಸ್ಬೇಕು, ಗೊತ್ತಲ್ಲ, ಅದು ನಿಮ್ಮೂರಿನ ನಿಯಮ.”

ಗೊತ್ತಿತ್ತು. ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದ್ದೆ. ದಾರಿಯುದ್ದಕ್ಕೂ ಅವರು ಹೇಳಿದ ಕಾಯಿಲೆಗಳನ್ನೆಲ್ಲ ಒಂದೊಂದಾಗಿ ನನ್ನೊಳಗೆ ಇಟ್ಟು ನೋಡಿದೆ. ಎಲ್ಲವೂ ಸರಿಹೊಂದುತ್ತಿದ್ದವು. ಯಾವುದು ಬಂದರೂ ಕೊನೆಗೆ ಹಗ್ಗದ ಮುಂದೆ ನಿಲ್ಲುವುದು ಪಾರಿಯೇ.

ಪಾರಿಯ ವಿಷಯವನ್ನು ಇಲ್ಲಿ ಹೇಳಬೇಕು, ಹೇಳಲು ನಾಲಿಗೆ ಏಳುವುದಿಲ್ಲ. ಮುಂದಿನ ಹಗ್ಗದವರು ಒಂದು ವರ್ಷ ಮೊದಲಿನಿಂದ ಒಣನೇಮದ ಅಭ್ಯಾಸ ಮಾಡಬೇಕು ಎಂಬುದು ವಾಡಿಕೆ. ನನ್ನ ಮೈ ಕೈಕೊಡುತ್ತಿದೆ ಎಂದು ತಿಳಿದ ದಿನವೇ ಅವಳಿಗೆ ಶುರುಮಾಡಿಸಿದ್ದೆ. ಆರರಿಂದ ಮೂರರವರೆಗೆ ನೀರಿಲ್ಲ. ನಮ್ಮ ಹುಡುಗಿಗೆ ಅದು ಒಗ್ಗಲೇ ಇಲ್ಲ. ಸಂಜೆಯಾದರೆ ಚೊಂಬುಗಟ್ಟಲೆ ಕುಡಿಯುತ್ತಿದ್ದಳು, ಕುಡಿದಷ್ಟೂ ಬಚ್ಚಲಿಗೆ ಹೋಗುತ್ತಿದ್ದಳು. “ನೀರು ಕುಡಿಯೋದಕ್ಕೇ ಹೋಗೋದು, ಕಮ್ಮಿ ಮಾಡು,” ಎಂದು ಗದರುತ್ತಿದ್ದೆ. ಲಂಗದ ಲಾಡಿಯನ್ನು ಎರಡು ಸಲ ಬಿಗಿ ಮಾಡಿಕೊಂಡಳು. ಹರೆಯದ ಮೈ, ಉದ್ದ ಬೆಳೆಯುವಾಗ ಸೊರಗುತ್ತದೆ ಅಂದುಕೊಂಡೆ. ಬಚ್ಚಲಿನ ಕಲ್ಲಿಗೆ ಇರುವೆ ಸಾಲು ಬಂದಾಗ ಅರಿಶಿನ ಉದುರಿಸಿ ಸುಮ್ಮನಾದೆ. ಒಂದು ದಿನ ನೇಮದ ಹೊತ್ತಿನಲ್ಲಿ ಅವಳು ತುಳಸಿಗೆ ಹಾಕುವ ತಂಬಿಗೆಯಿಂದ ಕದ್ದು ಕುಡಿಯುತ್ತಿದ್ದುದನ್ನು ನೋಡಿದೆ. ಮರುದಿನದಿಂದ ನೀರಿನ ಹಂಡೆ, ಕೊಡ ಎಲ್ಲವನ್ನೂ ಅಡಿಗೆಮನೆಗೆ ಸೇರಿಸಿ ಬೀಗ ಹಾಕಿ, ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪಾಳಿಗೆ ಹೋಗತೊಡಗಿದೆ. ಬೀದಿಯ ಹೆಂಗಸರು ನನ್ನನ್ನು ಹೊಗಳಿದರು. ಮಗಳನ್ನು ಬೆಳೆಸಿದರೆ ಹೀಗೆ ಬೆಳೆಸಬೇಕು ಅಂದರು. ನಾನು ಹಿಗ್ಗಿದೆ.

ಬಾಟಲಿ ತಂದ ಮರುದಿನ ಬೆಳಿಗ್ಗೆ ಪಾರಿಯನ್ನು ಬಚ್ಚಲ ಬಾಗಿಲಲ್ಲಿ ತಡೆದೆ. “ನೋಡು, ನನ್ನ ಬದಲು ನೀನು ಇದರಲ್ಲಿ ಕೊಡು. ನಿಂದು ಚೆನ್ನಾಗಿರತ್ತೆ. ಯಾರಿಗೂ ಹೇಳ್ಬೇಡ.”

ಅವಳು ಗೋಡೆಗೆ ಒರಗಿ ನಿಂತು ನಕ್ಕಳು. “ಇಷ್ಟು ಸಣ್ಣ ಬಾಟಲೀನಾ ಅವ್ವ? ಕೊಡ ಕೊಟ್ರೂ ತುಂಬಿಸ್ತಿದ್ದೆ.” ತುಂಬಿಸಿ ತಂದಳು. ನಾಲ್ಕು ಹನಿಗೆ ಒದ್ದಾಡುವ ನನಗೆ ಅದನ್ನು ನೋಡಿ ಹೊಟ್ಟೆಕಿಚ್ಚಾಯಿತು. ಎಂಥ ಆರೋಗ್ಯ ಅಂದುಕೊಂಡೆ. ಏಳು ಗಂಟೆಗೆ ಡಾಕ್ಟರಮ್ಮನ ಮನೆಗೆ ಹೋಗಿ ಕೊಟ್ಟು ಬಂದೆ. ಹಗುರವಾಗಿ ನಡೆದೆ. ಇನ್ನೈದು ವರ್ಷ ಗೆದ್ದೆ ಅನ್ನಿಸಿತ್ತು.

ಮನೆಗೆ ಬಂದಾಗ ಪಾರಿ ವಾಂತಿ ಮಾಡಿಕೊಂಡಿದ್ದಳು. ಹೊಟ್ಟೆನೋವು ಎಂದು ಮುದುಡಿ ಮಲಗಿದ್ದಳು. “ಒಂದು ಗುಟುಕು ಕೊಡವ್ವ, ಇವತ್ತೊಂದಿನ,” ಅಂದಳು. ನೇಮ ಮೈಗೆ ಹತ್ತುವ ಮೊದಲು ಎಲ್ಲರಿಗೂ ಹೀಗೇ ಆಗುತ್ತದೆ, ನನಗೂ ಆಗಿತ್ತು. “ಇವತ್ತು ಬಿಟ್ರೆ ನಾಳೇನೂ ಬಿಡ್ತೀಯ. ಮೂರು ಗಂಟೆಗೆ ಬಂದು ನಾನೇ ಕುಡಿಸ್ತೀನಿ,” ಎಂದು ಹಣೆ ಸವರಿದೆ. ಅವಳ ಉಸಿರು ಮುಖಕ್ಕೆ ಬಡಿಯಿತು. ಮಾಗಿ ಹಳಸಿದ ಬಾಳೆಹಣ್ಣಿನ ವಾಸನೆ. ರಾತ್ರಿ ಹಣ್ಣು ತಿಂದಿರಬೇಕು ಅಂದುಕೊಂಡು ಸಾಣೆಯ ಕೆಲಸಕ್ಕೆ ಕುಳಿತೆ, ಹೊತ್ತಾದಾಗ ಬೀಗ ಎಳೆದು ನೋಡಿ ಪಾಳಿಗೆ ಹೊರಟೆ.

ಗಂಟೆಮನೆಯ ಅಂಗಳಕ್ಕೆ ಚಪ್ಪಲಿ ಹಾಕಿಕೊಂಡು ಹೋಗುವ ಹಾಗಿಲ್ಲ. ದಿನಾ ಬೆಳಿಗ್ಗೆ ಸಾರಿಸಿ ರಂಗೋಲಿ ಹಾಕಿರುತ್ತಾರೆ, ಅಲ್ಲಿ ಉಗುಳಿದವರನ್ನು ನಾನು ಕಂಡಿಲ್ಲ. ಹನ್ನೆರಡರ ಗಂಟೆಗೆ ಹಗ್ಗ ತೆಗೆದುಕೊಂಡೆವು. ಗಂಟೆ ಹೊಡೆಯುವ ಮರಿದೇವಯ್ಯ ತನ್ನ ಮಣೆಯ ಮೇಲೆ ಕುಳಿತ. ಕೆಂಚಪ್ಪ ಜಗುಲಿಯಿಂದ ನಮ್ಮೆಲ್ಲರ ಅಳತೆ ತೆಗೆದ. ನನ್ನ ಉರಿ ಆಗಲೇ ಶುರುವಾಗಿತ್ತು. ನಾನು ಹತ್ತೊಂಬತ್ತರ ಮಗ್ಗಿ ಹಿಡಿದೆ.

ಒಂದೂವರೆ ಇರಬಹುದು, ಡಾಕ್ಟರಮ್ಮ ಬಂದರು. ಅವರು ಯಾವತ್ತೂ ಅಂಗಳದೊಳಗೆ ಬಂದವರಲ್ಲ. ಅವಸರಕ್ಕೆ ಚಪ್ಪಲಿ ಬಿಡುವುದನ್ನೂ ಮರೆತಿದ್ದರು. ಮರಿದೇವಯ್ಯ ಎದ್ದು ನಿಂತ. ಅವರು ಅವನ ಕಡೆ ನೋಡದೆ ನೇರ ನನ್ನ ಎದುರಿಗೆ ಬಂದು, ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿದರು, ನಾಲಿಗೆ ಚಾಚಿಸಿದರು.

“ಚನ್ನಾಜಮ್ಮ, ತಲೆ ಸುತ್ತುತಿದೆಯಾ? ವಾಂತಿ ಆಯ್ತಾ?”

“ಇಲ್ವಲ್ಲ.”

“ಹೊಟ್ಟೆನೋವು?”

“ಇಲ್ಲ ಡಾಕ್ಟ್ರಮ್ಮ, ಯಾಕೆ?”

“ನಿಮ್ಮ ಮೂತ್ರದ ತುಂಬ ಸಕ್ಕರೆ ಇದೆ. ಅದಷ್ಟೇ ಆಗಿದ್ರೆ ಸಂಜೆ ಹೇಳ್ತಿದ್ದೆ. ವಿಷಾನೂ ಸೇರಿದೆ. ಮೈಗೆ ಸಕ್ಕರೆ ದಕ್ಕದೆ ಅದು ತನ್ನ ಕೊಬ್ಬನ್ನೇ ಸುಟ್ಕೊಳ್ತಿದೆ. ಈ ಸ್ಥಿತೀಲಿರೋರು ವಾಂತಿ ಮಾಡ್ಕೊಂಡು, ಏದುಸಿರು ಬಿಡ್ತಾ ಮಲಗಿರ್ತಾರೆ. ಬಾಯಿಂದ ಹಣ್ಣಿನ ವಾಸನೆ ಬರತ್ತೆ. ನೀರು ಸಿಗದಿದ್ರೆ ಇವತ್ತೇ ಎಚ್ಚರ ತಪ್ಪತ್ತೆ, ಆಮೇಲೆ ಏಳಲ್ಲ. ನೀವು ಹೇಗೆ ನಿಂತಿದೀರೋ ನಂಗರ್ಥ ಆಗ್ತಿಲ್ಲ.”

ನನಗೆ ಅರ್ಥವಾಯಿತು. ಮುದುಡಿ ಮಲಗಿದ ಪಾರಿ, ಬಿಗಿ ಮಾಡಿದ ಲಾಡಿ, ಇರುವೆ, ಬಾಳೆಹಣ್ಣಿನ ವಾಸನೆ, ಒಂದಾದಮೇಲೊಂದು ಕಣ್ಣ ಮುಂದೆ ಬಂದವು. ಸೊಂಟದಲ್ಲಿ ಬೀಗದಕೈ ಚುಚ್ಚಿತು.

ನಾನು ತಕ್ಷಣ ಬಾಯಿಬಿಡಲಿಲ್ಲ. ಇದನ್ನು ನಾನು ಮುಚ್ಚಿಡುವುದಿಲ್ಲ. ಹಗ್ಗದ ವಿಷಯದಲ್ಲಿ ಗಂಟೆಮನೆಗೆ ಸುಳ್ಳು ಹೇಳಿದವರ ಮನೆಗೆ ಬೀದಿಯವರು ಬೆಂಕಿ ಕೊಡುವುದಿಲ್ಲ, ನೀರು ಕೊಡುವುದಿಲ್ಲ. ಡಾಕ್ಟರಮ್ಮನನ್ನು ಹೇಗಾದರೂ ಹತ್ತಿರ ಕರೆದು ಕಿವಿಯಲ್ಲಿ ಹೇಳಲೇ ಎಂದು ಯೋಚಿಸಿದೆ. ಎರಡು ಉಸಿರಿನಷ್ಟು ಹೊತ್ತು ಯೋಚಿಸಿರಬಹುದು. ಆ ಎರಡು ಉಸಿರಿಗೆ ಇವತ್ತಿಗೂ ನನ್ನನ್ನು ನಾನು ಕ್ಷಮಿಸಿಲ್ಲ.

“ಅದು ನಂದಲ್ಲ,” ಅಂದೆ. ಅಂಗಳಕ್ಕೆಲ್ಲ ಕೇಳಿಸಿತು. “ಪಾರೀದು. ಪಾರೀದು ತಂದುಕೊಟ್ಟೆ. ಅವಳು ಬೆಳಗ್ಗೆ ವಾಂತಿ ಮಾಡ್ಕೊಂಡ್ಳು. ನೀರು ಕೊಟ್ಟಿಲ್ಲ, ಬೀಗ ಹಾಕಿದೀನಿ. ಬೀಗದಕೈ ನನ್ನ ಸೊಂಟದಲ್ಲಿದೆ, ತಗೊಳ್ಳಿ, ನನ್ನ ಕೈ ಬಿಡಕ್ಕಾಗಲ್ಲ, ನೀವೇ ತಗೊಳ್ಳಿ.”

ಡಾಕ್ಟರಮ್ಮ ನನ್ನ ಸೀರೆಯ ನೆರಿಗೆಯ ಪಕ್ಕ ಬೆರಳು ತೂರಿಸಿ ಬೀಗದಕೈ ಎಳೆದುಕೊಂಡು ಓಡಿದರು. ದಪ್ಪ ಹೆಂಗಸು, ಐವತ್ತರ ವಯಸ್ಸು, ಸೆರಗು ಕೈಯಲ್ಲಿ ಹಿಡಿದು ಓಡುವುದು ಬಾಗಿಲ ತನಕ ಕಾಣಿಸಿತು.

ಇನ್ನೂ ಒಂದೂವರೆ ಗಂಟೆ ಇತ್ತು. ನನ್ನ ಮನೆ ಅಲ್ಲಿಂದ ಆರುನೂರು ಹೆಜ್ಜೆ. ಕಾಲುಗಳು ತಾವಾಗಿ ಬಾಗಿಲ ಕಡೆಗೆ ತಿರುಗಿದವು. ಕೈಬಿಟ್ಟು ಓಡಿದರೆ ಓಡಿಹೋಗುವುದಕ್ಕೆ ಬೀದಿಯೇ ಇರುವುದಿಲ್ಲ. ಪಾರಿ, ಡಾಕ್ಟರಮ್ಮ, ಬೀಗ, ನೀರಿನ ಕೊಡ ಎಲ್ಲವೂ ಒಟ್ಟಿಗೆ ಹೋಗುತ್ತವೆ. ಮಗಳಿಗೆ ನಾನು ಮಾಡಬಹುದಾದ ಒಂದೇ ಒಂದು ಉಪಕಾರ ಅವಳ ಹತ್ತಿರ ಹೋಗದೆ ನಿಲ್ಲುವುದಾಗಿತ್ತು. ನಾನು ಹಗ್ಗವನ್ನು ಉಗುರು ಇಳಿಯುವ ಹಾಗೆ ಹಿಡಿದೆ. ಅಷ್ಟರಲ್ಲಿ ಕೆಳಗಿನಿಂದ ಜಗ್ಗಿತು.

ಅದು ಕರು ಜಗ್ಗಿದ ಹಾಗಿರಲಿಲ್ಲ. ನನ್ನ ಹಿಮ್ಮಡಿ ಗೇಣುದ್ದ ಜಾರಿತು. ಬೋರಲಿಂಗಣ್ಣ “ಹಿಡೀರಿ” ಅಂದ. ಏಳೂ ಜನ ಹಿಂದಕ್ಕೆ ಬಾಗಿದೆವು. ಜಗ್ಗುವುದು ನಿಲ್ಲಲಿಲ್ಲ. ಅದಕ್ಕೆ ನಮ್ಮ ಮಾತು ಕೇಳಿಸಿತೇ, ನಾನು ಹೆದರಿರುವುದು ಹಗ್ಗದಲ್ಲಿ ಹರಿದು ಕೆಳಗೆ ತಿಳಿಯಿತೇ, ನನಗೆ ಗೊತ್ತಿಲ್ಲ. ತೋಳಿನ ಬಲವನ್ನೆಲ್ಲ ಹಗ್ಗಕ್ಕೆ ಕೊಟ್ಟೆ, ಬೆನ್ನಿನದನ್ನು ಕೊಟ್ಟೆ. ಕಿಬ್ಬೊಟ್ಟೆಯನ್ನು ಬಿಗಿಹಿಡಿಯಲು ಉಳಿದದ್ದು ಏನೂ ಇರಲಿಲ್ಲ. ಎರಡನ್ನೂ ಹಿಡಿಯಲು ಆಗುವುದಿಲ್ಲ ಎಂದು ನನಗೆ ಆಗ ಗೊತ್ತಾಯಿತು.

“ಜೈತುನಾ, ನಂಗೆ ತಡಕೊಳ್ಳಕ್ಕಾಗಲ್ಲ.”

“ಅಕ್ಕಾ, ಬಿಡಬ್ಯಾಡ. ಅಲ್ಲಾನ ಆಣೆ, ಕೈ ಬಿಡಬ್ಯಾಡ.” ಅವಳು ಅಳುತ್ತಿದ್ದಳು.

ನಾನು ಕೈ ಬಿಡಲಿಲ್ಲ. ಇನ್ನೊಂದನ್ನು ಬಿಟ್ಟೆ. ನಿಂತಲ್ಲೇ, ಸೀರೆಯಲ್ಲೇ, ಸಾರಿಸಿದ ಅಂಗಳದಲ್ಲೇ, ಎಂಟು ಜನರ ಎದುರಿಗೆ. ಬೆಂಕಿಯಂತೆ ಉರಿಯಿತು. ಕಾಲಿನ ಮೇಲೆ ಬಿಸಿಯಾಗಿ ಇಳಿದು, ಪಾದದ ಸುತ್ತ ನಿಂತು, ಮೆಲ್ಲಗೆ ಹರಿದು ಜಗುಲಿಯ ಕಡೆ ಹೋಯಿತು. ನಾಚಿಕೆಯಿಂದ ಸಾಯುತ್ತೇನೆ ಅಂದುಕೊಂಡಿದ್ದೆ. ಸಾಯಲಿಲ್ಲ. ಕೈಗೆ ಬಲ ಬಂತು.

ಮರಿದೇವಯ್ಯ ಗಂಟೆಯನ್ನೇ ನೋಡುತ್ತ ಕುಳಿತ. ಸ್ವಲ್ಪ ಹೊತ್ತಿನ ಮೇಲೆ ಜೈತುನಬಿ ಕಣ್ಣು ಮುಚ್ಚಿದಳು, ಅವಳ ಕಾಲ ಬಳಿಯೂ ನೆಲ ಒದ್ದೆಯಾಯಿತು. ಬೋರಲಿಂಗಣ್ಣ “ಶಿವನೇ” ಎಂದು ನಿಟ್ಟುಸಿರು ಬಿಟ್ಟ. ಎಷ್ಟು ವರ್ಷದ ನಿಟ್ಟುಸಿರೋ, ತುಂಬ ಹೊತ್ತು ಬಂತು. ಜಗ್ಗುವುದು ಕಮ್ಮಿಯಾಗಿ ನಿಂತಿತು.

ಜಗುಲಿಯ ಮೇಲಿದ್ದ ಕೆಂಚಪ್ಪ ಮಾತ್ರ ಎದ್ದು ನಿಂತಿದ್ದ. ಅಂಗಳದ ಒದ್ದೆಯನ್ನು ನೋಡಿದ, ನನ್ನ ಕೈಗಳನ್ನು ನೋಡಿದ, ಮತ್ತೆ ಒದ್ದೆಯನ್ನು ನೋಡಿದ.

“ಇಷ್ಟೇನಾ?” ಅಂದ.

ಆಮೇಲೆ ಚಾಪೆ ಅಲ್ಲೇ ಬಿಟ್ಟು ಹೊರಗೆ ಹೋದ. ಇಪ್ಪತ್ತೆರಡು ವರ್ಷದಲ್ಲಿ ಅವನು ಆ ಜಗುಲಿ ಇಳಿದು ಬೀದಿಗೆ ಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮೂರರ ಗಂಟೆಗೆ ಬೇರೆ ಕೈಗಳು ಬಂದವು. ನನ್ನ ಜಾಗಕ್ಕೆ ಬಂದವನಿಗೆ ಮರಿದೇವಯ್ಯ, “ನೆಲ ಜಾರ್ತದೆ, ನೋಡ್ಕಂಡು ನಿಂತ್ಕೊ,” ಎಂದಷ್ಟೇ ಹೇಳಿದ. ನಾನು ಓಡಿದೆ. ಒದ್ದೆ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ತಿರುವಿನಲ್ಲಿ ಸಾಣೆ ಬೀದಿ ಇತ್ತು. ಹತ್ತೊಂಬತ್ತೂ ಮನೆ ಇದ್ದವು. ನಮ್ಮ ಮನೆಯ ಬಾಗಿಲು ತೆರೆದೇ ಇತ್ತು, ಅಡಿಗೆಮನೆಯ ಬೀಗ ನೆಲದ ಮೇಲೆ ಬಿದ್ದಿತ್ತು, ಒಳಗೆ ಯಾರೂ ಇರಲಿಲ್ಲ. ಎದುರು ಮನೆಯವರು ಡಾಕ್ಟರಮ್ಮನ ಮನೆಯ ಕಡೆ ಕೈ ತೋರಿಸಿದರು. ನಾಲ್ಕು ಜನ ಮಂಚದ ಸಮೇತ ಹೊತ್ತುಕೊಂಡು ಹೋಗಿದ್ದರಂತೆ.

ಅವಳಿಗೆ ಎಚ್ಚರವಿರಲಿಲ್ಲ. ಎರಡು ಕೈಗೂ ನೀರು ಏರಿಸಿದ್ದರು, ತೊಟ್ಟು ತೊಟ್ಟಾಗಿ ಇನ್ಸುಲಿನ್ ಹೋಗುತ್ತಿತ್ತು. ಡಾಕ್ಟರಮ್ಮ ನನ್ನ ಕಡೆ ತಿರುಗಿ, “ಇನ್ನು ಎರಡು ತಾಸು ತಡವಾಗಿದ್ರೆ ನಂಗೆ ಕೆಲಸ ಇರ್ತಿರಲಿಲ್ಲ,” ಅಂದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ನಾನು ಮೂಲೆಯಲ್ಲಿ ಕುಕ್ಕರಿಸಿದೆ. ಆ ಸಂಜೆಯೂ, ಮರುದಿನ ಬೆಳಗೂ ಅಲ್ಲೇ ಕಳೆದೆ. ನನ್ನದನ್ನೂ ಪರೀಕ್ಷೆ ಮಾಡಿದರು, ಈ ಸಲ ನನ್ನದನ್ನೇ. ಬರೀ ಸೋಂಕು. ನೀರು ಕುಡಿಯದೆ, ಕಟ್ಟಿ ಕಟ್ಟಿ ಬರಿಸಿಕೊಂಡದ್ದು. ಐದು ದಿನದ ಮಾತ್ರೆಗೆ ಹೋಗುವಂಥದ್ದು. ಅದಕ್ಕೆ ಹೆದರಿ ನಾನು ಇಷ್ಟೆಲ್ಲ ಮಾಡಿದ್ದೆ.

ಮರುದಿನ ಹತ್ತು ಗಂಟೆಗೆ ಪಾರಿ ಕಣ್ಣು ಬಿಟ್ಟಳು. ನನ್ನನ್ನು ನೋಡಿದಳು. ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡು, ಹೆದರಿ ಹೆದರಿ ಕೇಳಿದಳು.

“ಅವ್ವ, ನೀರು ಕುಡೀಲಾ? ಮೂರು ಗಂಟೆ ಆಯ್ತಾ?”

ಡಾಕ್ಟರಮ್ಮ ತಲೆಯಾಡಿಸಿದ ಮೇಲೆ ಚಮಚದಲ್ಲಿ ಕುಡಿಸಿದೆ. ಅರ್ಧ ಅವಳ ಗಲ್ಲದ ಮೇಲೆ ಚೆಲ್ಲಿತು. ಅವಳು ಅದನ್ನೂ ಬೆರಳಿಂದ ಸವರಿ ಬಾಯಿಗಿಟ್ಟುಕೊಂಡಳು. ಇನ್ನು ಬದುಕಿರುವಷ್ಟು ದಿನವೂ ಅವಳಿಗೆ ಸೂಜಿ ಚುಚ್ಚಬೇಕು. ಹಗ್ಗಕ್ಕೆ ಅವಳನ್ನು ಕಳಿಸುವ ಮಾತನ್ನು ಯಾರೂ ಎತ್ತಲಿಲ್ಲ. ನನ್ನ ಸುಳ್ಳಿನ ಮಾತನ್ನೂ ಎತ್ತಲಿಲ್ಲ. ಹಾಗಂತ ನನ್ನ ಭಯ ಹೋಗಿಲ್ಲ. ನನ್ನ ನಂತರ ಯಾರು ಎಂಬ ಪ್ರಶ್ನೆ ಹಗ್ಗದ ಆ ತುದಿಯಲ್ಲಿ ಕುಳಿತೇ ಇದೆ.

ಅವತ್ತು ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಪಾಳಿಗೆ ಹೊರಟೆ. ಸೆರಗಿನ ಮರೆಯಲ್ಲಿ ಒಂದು ಚೊಂಬು ನೀರಿತ್ತು, ಕುಡಿದುಕೊಂಡೇ ಹೋದೆ. ಬಳೆ ಬೀದಿಯ ಗೋಡೆಗೆ ಗಾಣದ ಬೀದಿಯ ಗೋಡೆ ಅಂಟಿಕೊಂಡಿರುವ ಕಡೆ ಬಂದಾಗ ಕೆಂಚಪ್ಪ ಕಂಡ. ಅಂಚೆಯವನು ಇಟ್ಟುಹೋದ ಕಾಗದಗಳ ಪಕ್ಕದಲ್ಲಿ, ಹಿಂದಿನ ದಿನದಿಂದ ಅಲ್ಲೇ ಇದ್ದನೇನೋ, ಹಣೆಯನ್ನು ಗೋಡೆಗೆ ಆನಿಸಿ ನಿಂತಿದ್ದ. ಒಳಗಿನವರಿಗೆ ಕೇಳಿಸಲಿ ಎಂಬಂತೆ ಮೆಲ್ಲಗೆ ಮಾತಾಡುತ್ತಿದ್ದ.

“ಅಲ್ಲೇ ನಿಂತ್ಕಂಡು ಮಾಡಬೋದಿತ್ತು ಕಣೇ. ನಂಗೆ ಹೊಳೀಲೇ ಇಲ್ಲ.”

ನಾನು ಚೊಂಬನ್ನು ಅವನ ಕಾಲ ಬಳಿ ಇಟ್ಟು, ಗಂಟೆಗೆ ಹೊತ್ತಾಗಿದ್ದರಿಂದ, ಹಗ್ಗಕ್ಕೆ ಹೋದೆ.